ಬೆವರು ಬಂದರೆ ಕ್ರೀಡೆ

"ಅತ್ತೆ, ಬೇಡ! ಅದನ್ನ ಎಳೀಬೇಡಿ... ಅತ್ತೆ!"

ಶಿವರಂಜನಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಹಿತ್ತಲಿಗೆ ಓಡಿ ಬರುವಷ್ಟರಲ್ಲಿ ಕುಡುಗೋಲು ನುಗ್ಗೆಯ ಕೊಂಬೆಗೆ ಸಿಕ್ಕಿಕೊಂಡಿತ್ತು. ಮಲ್ಲಾಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲು ಹಿಂದಿಟ್ಟು ಜಗ್ಗಿದರು. ಲಟಕ್ಕೆಂದಿತು. ಕುಡುಗೋಲು, ಅದನ್ನು ಕಟ್ಟಿದ್ದ ಒಂದು ಗೇಣು ಕೋಲಿನ ಸಮೇತ, ಮರದ ಮೇಲೆಯೇ ನೇತಾಡುತ್ತ ಉಳಿಯಿತು. ಮಿಕ್ಕದ್ದು ಮಲ್ಲಾಜಮ್ಮನ ಕೈಯಲ್ಲಿತ್ತು.

"ಅಟ್ಟದ ಮ್ಯಾಲೆ ಬಿದ್ದಿತ್ತು ಕಣೇ. ನುಣ್ಣಗೆ ಉದ್ದಕ್ಕದೆ, ಕಾಯಿ ಕೀಳಕ್ಕೆ ಆಯ್ತದೆ ಅಂತ ತಗೊಂಡೆ. ಅದುಕ್ಯಾಕೆ ಇಂಗೆ ಬಾಯಿ ಬಡ್ಕೊಂಡು ಓಡ್ಬತ್ತೀಯ? ಯಾರಾರ ಸತ್ತೋದ್ರಾ?"

"ಚೀಲದಲ್ಲಿತ್ತು, ಅತ್ತೆ. ಜಿಪ್ ಹಾಕಿತ್ತು. ಒಳಗೆ ಎರಡು ತುಂಡಾಗಿತ್ತು..." ಶಿವರಂಜನಿಗೆ ಉಸಿರು ಸಾಲಲಿಲ್ಲ. "ನೀವೇ ತಿರುಪಿ ಜೋಡಿಸಿದ್ದೀರಿ."

ಮಲ್ಲಾಜಮ್ಮ ಬಗ್ಗಿ, ಬಿದ್ದಿದ್ದ ನಾಲ್ಕು ನುಗ್ಗೆಕಾಯಿ ಆರಿಸಿಕೊಂಡು ಅಡುಗೆಮನೆಗೆ ಹೋದರು.

ಆ ಕೋಲು ಪೂಲ್ ಆಡುವ ಕ್ಯೂ, ಮೇಜಿನ ಮೇಲಿನ ಚೆಂಡುಗಳನ್ನು ಹೊಡೆದು ತೂತಿಗೆ ಬೀಳಿಸುವಂಥದ್ದು. ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ, ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಶಿವರಂಜನಿಯ ಅಣ್ಣ ಮಲ್ಲಿಕಾರ್ಜುನ್ ಎರಡು ಟೇಬಲ್‌ಗಳ ಪೂಲ್ ಪಾರ್ಲರ್ ಇಟ್ಟಿದ್ದ. ಅಪ್ಪ ತೀರಿಕೊಂಡ ಮೇಲೆ ಬೆಳಿಗ್ಗೆ ಬಾಗಿಲು ತೆಗೆದು, ಟೇಬಲ್ಲಿನ ಹಸಿರು ಬಟ್ಟೆಯ ಧೂಳನ್ನು ಬ್ರಷ್‌ನಿಂದ ತೆಗೆಯುವ ಕೆಲಸ ಅವಳದ್ದಾಗಿತ್ತು. ಗಿರಾಕಿಗಳಿಲ್ಲದ ಆ ಎರಡು ಗಂಟೆಗಳಲ್ಲಿ ಅವಳು ಆಡಲು ಕಲಿತಳು. ಯಾರೂ ಕಲಿಸಲಿಲ್ಲ. ಬಿಳಿ ಚೆಂಡು ಎಲ್ಲಿಗೆ ಬಡಿದು ಎಲ್ಲಿಗೆ ಬರುತ್ತದೆಂದು ಅದೇ ಹೇಳಿಕೊಟ್ಟಿತು. ಎರಡು ವರ್ಷ ಸತತವಾಗಿ ಜಿಲ್ಲೆಗೆ ಮೊದಲು ಬಂದಿದ್ದಳು. ಇನ್ನು ಹನ್ನೆರಡು ದಿನಕ್ಕೆ ಮೈಸೂರಿನಲ್ಲಿ ರಾಜ್ಯ ತಂಡದ ಆಯ್ಕೆ, ಇಪ್ಪತ್ತೊಂದರ ಒಳಗಿನವರಿಗೆ. ಮುಂದಿನ ವರ್ಷ ಆ ಬಾಗಿಲಿಲ್ಲ; ಇನ್ನು ಮೂರು ತಿಂಗಳಿಗೆ ಅವಳ ವಯಸ್ಸು ದಾಟುತ್ತದೆ.

ನಂಜನಗೂಡಿನ ಈ ಮನೆಗೆ ಅವಳು ಸೊಸೆಯಾಗಿ ಬಂದು ಎಂಟು ತಿಂಗಳು. ವೀಳ್ಯಶಾಸ್ತ್ರದ ದಿನ ಎಲೆಯಡಿಕೆಯ ತಟ್ಟೆ ಮುಂದಿಟ್ಟುಕೊಂಡು ಮಲ್ಲಿಕಾರ್ಜುನ್ ಒಂದೇ ಒಂದು ಮಾತು ಕೇಳಿದ್ದ: "ನಮ್ಮ ಹುಡುಗಿ ಸ್ಪೋರ್ಟ್ಸಲ್ಲಿದ್ದಾಳೆ. ಮದುವೆ ಆದ ಮೇಲೆ ಬಿಡಿಸಬಾರದು." ಹುಡುಗನ ಸೋದರಮಾವ, ನಿವೃತ್ತ ಪಿ.ಟಿ. ಮೇಷ್ಟ್ರು ಗಂಗಾಧರಸ್ವಾಮಿ ಎದೆಯುಬ್ಬಿಸಿ ಹೇಳಿದ್ದರು: "ಕ್ರೀಡೆಗೆ ಈ ಮನೆಯಲ್ಲಿ ಯಾರೂ ಅಡ್ಡ ಬರೋದಿಲ್ಲ. ಎಲೆಯಡಿಕೆ ಮುಂದೆ ಆಡ್ತಿರೋ ಮಾತು." ಯಾವ ಕ್ರೀಡೆ ಎಂದು ಯಾರೂ ಕೇಳಲಿಲ್ಲ. ಹುಡುಗಿ ಎತ್ತರವಾಗಿದ್ದಳು, ಖೋಖೋ ಇರಬೇಕು ಎಂದುಕೊಂಡರು ಮಲ್ಲಾಜಮ್ಮ. ಮಲ್ಲಿಕಾರ್ಜುನ್ ತಾನಾಗಿ ಹೇಳಲಿಲ್ಲ, ಹೇಳಿದರೆ ತಟ್ಟೆ ಎತ್ತಿ ಸಂಬಂಧ ಮುರಿಯುತ್ತಾರೆಂದು ಅವನಿಗೆ ಗೊತ್ತಿತ್ತು. ಹುಡುಗ ಬಸವಪ್ರಸಾದನಿಗೆ ಮಾತ್ರ ಎಲ್ಲ ಗೊತ್ತಿತ್ತು. "ಅಮ್ಮಂಗೆ ನಾನು ಹೇಳ್ತೀನಿ ಬಿಡು," ಎಂದು ಫೋನಿನಲ್ಲಿ ಹೇಳಿದ್ದ. ಎಂಟು ತಿಂಗಳಾದರೂ ಹೇಳಿರಲಿಲ್ಲ. ಫ್ಯಾಕ್ಟರಿಯ ಶಿಫ್ಟಿಗೆ ಹೋಗುತ್ತಿದ್ದ, ಬರುತ್ತಿದ್ದ, ಊಟ ಮಾಡುತ್ತಿದ್ದ. ಕೊನೆಗೆ ಹೇಳಿದ್ದು ಹಿಂದಿನ ರಾತ್ರಿ. ಬೆಳಗಾಗುವಷ್ಟರಲ್ಲಿ ನುಗ್ಗೆಕಾಯಿ ಕೀಳುವ ಕೆಲಸ ಬಂದಿತ್ತು.

ಮಾತು ಎಲೆಯಡಿಕೆ ಮುಂದೆ ಆಡಿದ್ದು. ಹಾಗಾಗಿ ಅದನ್ನು ಮುರಿಯಬೇಕಾದರೂ ಅದರ ಮುಂದೆಯೇ ಕೂರಬೇಕು. ಭಾನುವಾರ ಹನ್ನೊಂದು ಗಂಟೆಗೆ ಅದೇ ಹಾಲ್, ಅದೇ ಜಮಖಾನ, ಅದೇ ತಟ್ಟೆ. ಮಲ್ಲಿಕಾರ್ಜುನ್ ಸರ್ಟಿಫಿಕೇಟುಗಳ ಫೈಲ್ ಹಿಡಿದುಕೊಂಡು ನರಸೀಪುರದಿಂದ ಬಂದ. ಅವಳ ಮಾವ ಶಿವಮಲ್ಲಪ್ಪ ಮರ ಕೊಯ್ಯುವ ತಮ್ಮ ಸಾಮಿಲ್ಲಿನಿಂದ ನೇರ ಬಂದು ಮೂಲೆಯಲ್ಲಿ ಕುಳಿತರು. ತೋಳಿನ ಕೂದಲಲ್ಲಿ ಇನ್ನೂ ಮರದ ಹೊಟ್ಟಿತ್ತು. ತೀರ್ಮಾನವಾಗಬೇಕಾದದ್ದು ಒಂದೇ. ಪೂಲ್ ಎನ್ನುವುದು ಕ್ರೀಡೆಯೋ, ಆಟವೋ? ಕ್ರೀಡೆಯಾದರೆ ಮಾತು ನಿಲ್ಲುತ್ತದೆ, ಅವಳು ಮೈಸೂರಿಗೆ ಹೋಗುತ್ತಾಳೆ. ಆಟವಾದರೆ, ಆಟಕ್ಕೆ ಯಾರೂ ಮಾತು ಕೊಟ್ಟಿಲ್ಲ.

ಗಂಗಾಧರಸ್ವಾಮಿ ಕನ್ನಡಕ ಏರಿಸಿಕೊಂಡು ಸರ್ಟಿಫಿಕೇಟ್ ಓದಿದರು. "ಇದ್ರಲ್ಲಿ ಕ್ರೀಡಾಕೂಟ ಅಂತಲೇ ಅಚ್ಚು ಹಾಕಿದ್ದಾರಮ್ಮ."

"ಕಾಗದದಲ್ಲಿ ಏನ್ ಬೇಕಾದ್ರೂ ಬರೀತಾರೆ ಕಣಣ್ಣ," ಎಂದರು ಮಲ್ಲಾಜಮ್ಮ. "ಕತ್ತೆಗೆ ಕುದ್ರೆ ಅಂತ ಬರ್ದು ಸೀಲ್ ಒಡುಸ್ಕೊಂಡ್ರೆ ಅದು ಕುದ್ರೆ ಆದದಾ? ನಾವೂ ಚೌಕಾಬಾರ ಆಡ್ತೀವಿ. ಕೂತ್ಕೊಂಡು ಆಡಿದ್ರೂ ಆಟ, ನಿಂತ್ಕೊಂಡು ಆಡಿದ್ರೂ ಆಟ."

"ನೋಡಪ್ಪ ಮಲ್ಲಿಕಾರ್ಜುನ, ಮೂವತ್ತೊಂದು ವರ್ಷ ಮಕ್ಕಳಿಗೆ ನಾನು ಹೇಳಿಕೊಟ್ಟಿರೋದು ಒಂದೇ. ಬೆವರು ಬಂದರೆ ಕ್ರೀಡೆ, ಬರದಿದ್ದರೆ ಆಟ," ಎಂದರು ಮೇಷ್ಟ್ರು.

"ಹಂಗಾದ್ರೆ ಬಿಲ್ಲುಬಾಣದೋರು? ಬಂದೂಕು ಹಾರಿಸೋರು?" ಮಲ್ಲಿಕಾರ್ಜುನ್ ಮುಂದಕ್ಕೆ ಜರುಗಿದ. "ಅವ್ರೂ ನಿಂತ ಜಾಗದಲ್ಲೇ ನಿಂತಿರ್ತಾರಲ್ಲ ಮೇಷ್ಟ್ರೇ. ಒಲಿಂಪಿಕ್ಸಿಗೆ ಹೋಗಲ್ವಾ?"

"ಅದು... ಅದು ಬೇರೆ."

"ಏನ್ ಬೇರೆ?"

"ಬೆವರು ಬಂದ್ರೆ ಕ್ರೀಡೆ ಅನ್ನಂಗಿದ್ರೆ," ಎಂದು ಮಲ್ಲಾಜಮ್ಮ ನಡುವೆ ಬಂದರು, "ನಾನು ಮೂವತ್ತು ವರ್ಷದಿಂದ ಒಲೆ ಮುಂದೆ ಹಿಟ್ಟು ತೊಳಸ್ತಾ ಇವ್ನಿ. ನಂಗೂ ಒಂದು ಕಪ್ ಕೊಡ್ಸಣ್ಣ!"

ಎಲ್ಲರೂ ನಕ್ಕರು. ಶಿವರಂಜನಿಯೂ ನಕ್ಕುಬಿಟ್ಟಳು. ಆ ಒಂದು ಗಳಿಗೆ ಎಲ್ಲ ಸರಿಹೋಗುತ್ತದೆ ಅನ್ನಿಸಿತು. ಅತ್ತೆ ಕೂಡ ನಗುತ್ತಿದ್ದರು, ಅವರ ಹಲ್ಲಿನ ಸಾಲು ಎಷ್ಟು ಚೆನ್ನಾಗಿದೆ ಎಂದು ಅವಳು ಮೊದಲ ಸಲ ಗಮನಿಸಿದಳು.

"ಒಂದು ಸಲ ಮಾಡಿ ತೋರಿಸು ಮಗು," ಎಂದರು ಗಂಗಾಧರಸ್ವಾಮಿ. "ನಾನು ನೋಡದೇ ಇರೋದನ್ನ ಹೆಂಗೆ ಹೇಳ್ಲಿ?"

ಶಿವರಂಜನಿ ಮುರಿದ ಕ್ಯೂ ತಂದಳು. ಊಟದ ಮೇಜಿನ ಮೇಲೆ ಬಿಳಿ ಚೆಂಡಿನ ಬದಲು ಒಂದು ನಿಂಬೆಹಣ್ಣು ಇಟ್ಟಳು. ಎಡಗೈ ಬೆರಳುಗಳನ್ನು ಮೇಜಿನ ಮೇಲೆ ಊರಿ, ಕಾಲು ಅಗಲಿಸಿ, ಬಗ್ಗಿದಳು. ಗದ್ದ ಕೋಲಿಗೆ ತಾಗಿತು. ಉಸಿರು ನಿಲ್ಲಿಸಿದಳು. ಮೊಣಕೈ ಮಾತ್ರ ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ. ಮೈಯ ಉಳಿದ ಭಾಗವನ್ನೆಲ್ಲ ಯಾರೋ ಮೊಳೆ ಹೊಡೆದು ನಿಲ್ಲಿಸಿದಂತಿತ್ತು. ಮೂಲೆಯಲ್ಲಿ ಶಿವಮಲ್ಲಪ್ಪ ಕುತ್ತಿಗೆ ಓರೆ ಮಾಡಿ ಒಂದು ಕಣ್ಣು ಮುಚ್ಚಿಕೊಂಡರು, ಮಿಲ್ಲಿನಲ್ಲಿ ಮರದ ರೀಪುಪಟ್ಟಿಯ ನೇರ ನೋಡುವ ಹಾಗೆ. ಗಂಗಾಧರಸ್ವಾಮಿಗೆ ಕಂಡದ್ದು ಬೇರೆ. ಹುಡುಗಿಯ ಮೇಲ್ದುಟಿಯ ಮೇಲೆ ಸಾಲಾಗಿ ನಾಲ್ಕೈದು ಬೆವರಿನ ಹನಿ. ಮೂವತ್ತೊಂದು ವರ್ಷ ಮೈದಾನದಲ್ಲಿ ನಿಂತ ಮನುಷ್ಯನಿಗೆ ಅದು ಸೆಖೆಯ ಬೆವರಲ್ಲ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಸಾಕು!" ಮಲ್ಲಾಜಮ್ಮ ಎದ್ದು ನಿಂತರು. "ಅಯ್ಯೋ ಶಿವನೇ... ನೋಡುದ್ರಾ? ಇಂಗೇ ಬಗ್ಗಿ ನಿಂತ್ಕೊತೀಯೇನೇ, ಅಷ್ಟೂ ಗಂಡಸ್ರ ಮುಂದೆ? ಇಂದುಗಡೆ ಯಾವನ್ ಯಾವನು ನಿಂತಿರ್ತಾನೆ? ಎಲ್ಲರ ಕೈಲೂ ಫೋನದೆ! ನಾಳೆ ಯಾವನಾರ ಫೋಟೋ ತಗ್ದು ಬಿಟ್ರೆ, ನಾನು ಈ ಬೀದೀಲಿ ಎಂಗೆ ತಿರುಗ್ಲಿ? ನನ್ ಮಗ ಫ್ಯಾಕ್ಟ್ರೀಲಿ ಎಂಗೆ ತಲೆ ಎತ್ಲಿ?"

ಶಿವರಂಜನಿ ಗಂಡನ ಕಡೆ ನೋಡಿದಳು. ಬಸವಪ್ರಸಾದ್ ಜಮಖಾನದ ಅಂಚಿನ ನೂಲನ್ನು ಬೆರಳಿಗೆ ಸುತ್ತುತ್ತಿದ್ದ.

"ರೀ... ನೀವು ಹೇಳ್ರೀ. ಅಲ್ಲಿ ಹೆಣ್ಮಕ್ಕಳೇ ಇರ್ತಾರೆ, ನೀವೂ ಜೊತೇಲಿ ಬನ್ನಿ ಅಂದೆನಲ್ಲ..."

"ಅಮ್ಮ ಹೇಳೋದ್ರಲ್ಲೂ..." ಅವನು ಅಲ್ಲಿಗೇ ನಿಲ್ಲಿಸಿದ.

"ತಂಗ್ಯಮ್ಮ, ಸ್ವಲ್ಪ ಕೂತ್ಕೊ," ಎಂದರು ಗಂಗಾಧರಸ್ವಾಮಿ ಮೆಲ್ಲಗೆ. "ಮಾತು ಕೊಟ್ಟೋನು ನಾನು. ಹುಡುಗಿಗೆ ಏಕಾಗ್ರತೆ ಅದೆ. ಇದನ್ನ ಸುಮ್ನೆ ಆಟ ಅಂತ..."

"ಅಣ್ಣ." ಮಲ್ಲಾಜಮ್ಮನ ಧ್ವನಿ ಇದ್ದಕ್ಕಿದ್ದಂತೆ ಇಳಿಯಿತು. "ನಾನು ಹದಿಮೂರು ವರ್ಷಕ್ಕೇ ಬಿಳಿಗೆರೆ ಇಸ್ಕೂಲಲ್ಲಿ ಥ್ರೋಬಾಲ್ ಟೀಮಲ್ಲಿದ್ದೆ. ತಾಲೂಕಿಗೆ ಆರ್ಸಿದ್ರು. ಗ್ಯಾಪಕ ಇದ್ದದಾ? ಅದು ಕ್ರೀಡೆನೇ ತಾನೆ? ಬೆವರು ಬತ್ತಿತ್ತು ತಾನೆ? ಚಡ್ಡಿ ಆಕ್ಕೊಂಡು ಆಡೋ ಆಟ ಬ್ಯಾಡ ಅಂತ ಅಪ್ಪ ನನ್ನ ಇಸ್ಕೂಲೇ ಬಿಡುಸ್ದಾಗ ನೀನು ಪಿ.ಟಿ. ಮೇಷ್ಟ್ರ ಟ್ರೇನಿಂಗ್‌ಗೆ ಬಟ್ಟೆ ಜೋಡುಸ್ತಾ ಇದ್ದೆ. ಒಂದ್ ಮಾತಾಡ್ಲಿಲ್ಲ ನೀನು. ಒಂದೇ ಒಂದ್ ಮಾತು!... ಇವತ್ತು ಇವಳಿಗೆ ಆಡ್ತೀಯಾ?"

ಶಿವರಂಜನಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ಯಾರೂ ಕೇಳದೆ ಹೋದ ಹದಿಮೂರು ವರ್ಷದ ಹುಡುಗಿಯೊಬ್ಬಳು ಇವಳ ದಾರಿಗೆ ಅಡ್ಡ ನಿಂತಿದ್ದಾಳೆ. ಅವಳನ್ನು ದ್ವೇಷಿಸುವುದಾದರೂ ಹೇಗೆ?

ಗಂಗಾಧರಸ್ವಾಮಿ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ತುಂಬ ಹೊತ್ತು ಒರೆಸಿದರು. ತಂಗಿಯ ಕಡೆಗೂ ನೋಡಲಿಲ್ಲ, ಹುಡುಗಿಯ ಕಡೆಗೂ ನೋಡಲಿಲ್ಲ.

"ಆಟ," ಎಂದರು.

ಮಲ್ಲಿಕಾರ್ಜುನ್ ಊಟಕ್ಕೆ ನಿಲ್ಲದೆ ಹೊರಟ. ಗೇಟಿನ ಹತ್ತಿರ, "ನಾನು ಆವತ್ತೇ ಬಾಯಿಬಿಟ್ಟು ಹೇಳ್ಬೇಕಿತ್ತು ಕಣವ್ವ," ಎಂದು ತಂಗಿಯ ತಲೆ ಮುಟ್ಟಿದ. "ಬಂದ್ಬಿಡ್ತೀಯಾ ನನ್ ಜೊತೆ?" ಎಂದೂ ಕೇಳಿದ. ಅವಳು ಹೂಂ ಅಂದಿದ್ದರೆ ಏನು ಮಾಡುತ್ತಿದ್ದನೋ, ಅವನಿಗೇ ಗೊತ್ತಿರಲಿಲ್ಲ. ಅದು ಅವಳಿಗೂ ಕಂಡಿತು. ಬೈಕ್ ತಿರುವು ದಾಟುವವರೆಗೆ ನಿಂತು ಒಳಗೆ ಬಂದಳು.

ಆಯ್ಕೆಯ ದಿನ ಬಂತು, ಬುಧವಾರ. ಬೆಳಿಗ್ಗೆ ಹತ್ತಕ್ಕೆ ಮೊದಲ ಪಂದ್ಯ. ಶಿವರಂಜನಿ ಹಿತ್ತಲಿನ ಕಲ್ಲಿನ ಮೇಲೆ ಗಂಡನ ಯೂನಿಫಾರ್ಮ್ ಉಜ್ಜುತ್ತಿದ್ದಳು. ಹತ್ತೂಕಾಲಿಗೆ ಮೈಸೂರಿಗೆ ಹೋಗಿದ್ದ ಅಣ್ಣನ ಮೆಸೇಜ್ ಬಂತು: 'ನಿನ್ನ ಹೆಸರು ಮೂರು ಸಲ ಕೂಗಿದರು. ಎದುರಿನ ಹುಡುಗಿ ಆಡದೆಯೇ ಗೆದ್ದಳು, ವಾಕೋವರ್ ಕೊಟ್ಟರು.' ಫೋನ್ ಮೇಲೆ ಸೋಪಿನ ನೊರೆ ಬಿತ್ತು, ಒರೆಸಿ ಕಿಟಕಿಯ ಮೇಲಿಟ್ಟಳು. ಸೋತಿದ್ದರೆ ಅಳಬಹುದಿತ್ತು... ಇದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಅಡುಗೆಮನೆಯಿಂದ ಮಲ್ಲಾಜಮ್ಮ ಎರಡು ಸಲ ಬಾಗಿಲವರೆಗೆ ಬಂದು ಹಿಂದಕ್ಕೆ ಹೋದರು. ಮೂರನೆಯ ಸಲ ಒಂದು ಲೋಟ ಕಾಫಿ ತಂದು ಕಲ್ಲಿನ ಪಕ್ಕ ಇಟ್ಟು ಹೋದರು.

ಅದಾಗಿ ಎರಡು ವಾರಕ್ಕೆ, ಮಧ್ಯಾಹ್ನ, ಮನೆ ಮುಂದೆ ಗೂಡ್ಸ್ ಆಟೋ ನಿಂತಿತು. ಮಿಲ್ಲಿನ ನಾಲ್ವರು ಆಳುಗಳು ಚೀಲ ಹೊದಿಸಿದ ಭಾರದ ಸಾಮಾನನ್ನು ಏದುಸಿರು ಬಿಡುತ್ತ ಇಳಿಸಿದರು. "ಮೆತ್ಗೆ ಕಣ್ರಲಾ! ಮೂಲೆ ತಗುಲ್ತದೆ, ಮೂಲೆ!" ಎಂದು ಶಿವಮಲ್ಲಪ್ಪ ಕೂಗುತ್ತಿದ್ದರು. ಇಷ್ಟು ತಿಂಗಳಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ಶಿವರಂಜನಿ ಕೇಳಿರಲಿಲ್ಲ. ಮಹಡಿಯ ಕೋಣೆಗೆ ಅದನ್ನು ಏರಿಸಿ, ಆಳುಗಳನ್ನು ಕಳಿಸಿ, ಸೊಸೆಯನ್ನು ಕರೆದು ಚೀಲ ಸರಿಸಿದರು.

ಪೂಲ್ ಟೇಬಲ್. ಹೊನ್ನೆ ಮರದ್ದು. ಕಾಲುಗಳಿಗೆ ಕಡೆತದ ಕೆಲಸ, ಮೂಲೆಗಳಿಗೆ ಬಳ್ಳಿಯ ಕೆತ್ತನೆ. ಮೇಲೆ ಹಸಿರು ಬಟ್ಟೆ ಎಳೆದು ಮೊಳೆ ಹೊಡೆದಿದ್ದರು. ಆರು ತೂತು, ಆರಕ್ಕೂ ಎಮ್ಮೆಯ ಬಾಯಿಗೆ ಕಟ್ಟುವ ಕುಕ್ಕೆಯ ಹಾಗೆ ನೂಲಿನಲ್ಲಿ ಹೆಣೆದ ಚೀಲ.

"ಫೋನಲ್ಲಿ ನೋಡ್ಕೊಂಡು ನಾನೇ ಮಾಡ್ದೆ ಮಗ," ಎಂದರು ಶಿವಮಲ್ಲಪ್ಪ. "ಇದ್ದಿದ್ರಲ್ಲಿ ಒಳ್ಳೇ ಮರ. ಹತ್ತು ವರ್ಷದಿಂದ ಒಣಗಾಕಿದ್ದೆ, ಪೂಜೆ ಕೋಣೆ ಬಾಗಿಲಿಗೆ ಅಂತ. ಕೋಲೂ ಕಡ್ದಿವ್ನಿ, ನೋಡು... ತೇಗ. ಕೂದ್ಲೆಳೆ ವಾರೆ ಇಲ್ಲ."

"ಅಪ್ಪ ಮಿಲ್ ಕೆಲಸ ಬಿಟ್ಟು ಇದನ್ನೇ ಮಾಡವ್ರೆ," ಎಂದ ಬಾಗಿಲಲ್ಲಿ ನಿಂತ ಬಸವಪ್ರಸಾದ್. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ನಗು ಬಂದಿತ್ತು. ಅವನ ಹಿಂದೆ ಮಲ್ಲಾಜಮ್ಮ. "ನಾನೇನೂ ಅನ್ನಲ್ಲಪ್ಪ," ಎಂದರು ಅವರು. "ಬಾಗ್ಲು ಆಕ್ಕೊಂಡು ಎಷ್ಟೊತ್ತು ಬೇಕಾದ್ರೂ ಆಡ್ಕೊಳ್ಲಿ. ಯಾರು ನೋಡಾರು ಇಲ್ಲಿ."

ಶಿವರಂಜನಿ ಮಾವ ತಂದಿದ್ದ ಬಿಳಿ ಚೆಂಡನ್ನು ಹಸಿರು ಬಟ್ಟೆಯ ನಡುವೆ ಇಟ್ಟು ಕೈ ತೆಗೆದಳು. ಚೆಂಡು ಒಂದು ಕ್ಷಣ ನಿಂತಿತು. ಆಮೇಲೆ, ಯಾರೂ ಮುಟ್ಟದೆಯೇ, ಮೆಲ್ಲಗೆ ಕಿಟಕಿಯ ಕಡೆಯ ಮೂಲೆಗೆ ಉರುಳುತ್ತ ಹೋಗಿ, ತೂತಿನೊಳಗೆ ಬಿತ್ತು. ನಿಜವಾದ ಪೂಲ್ ಟೇಬಲ್ಲಿನಲ್ಲಿ ಬಟ್ಟೆಯ ಕೆಳಗೆ ಚಪ್ಪಟೆ ಕಲ್ಲಿನ ಹಾಸಿರುತ್ತದೆ; ಇಲ್ಲಿದ್ದದ್ದು ಮರ. ಮರ ಎಷ್ಟು ಒಳ್ಳೆಯದಾದರೂ ಉಸಿರಾಡುತ್ತದೆ, ಬಾಗುತ್ತದೆ. ಅದು ಸಾಮಿಲ್ಲಿನವರಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ಪ್ರೀತಿಯಿಂದ ಏನಾದರೂ ಮಾಡಬೇಕೆಂದಾಗ ಶಿವಮಲ್ಲಪ್ಪನವರಿಗೆ ಮರ ಬಿಟ್ಟು ಬೇರೇನೂ ಹೊಳೆಯುವಂತಿರಲಿಲ್ಲ.

ಅವರು ಗಡಿಬಿಡಿಯಿಂದ ಮಂಡಿಯೂರಿ, ಜೇಬಿನ ಬೀಡಿ ಕಟ್ಟಿನ ಕಾಗದ ಮಡಿಸಿ ಒಂದು ಕಾಲಿನ ಕೆಳಗೆ ತುರುಕಿದರು. "ನೆಲ ವಾರೆ ಅದೆ... ನೆಲ. ಟೇಬಲ್ ಸರಿ ಅದೆ. ಈಗ ಇಡವ್ವ, ಈಗ ಇಟ್ಟು ನೋಡು."

ಅವಳು ಇಡಲಿಲ್ಲ. ಟೇಬಲ್ಲಿನ ಆ ಕಡೆಗೆ ನೋಡಿದಳು. ಪಂದ್ಯದಲ್ಲಿ ಎದುರಿನ ಹುಡುಗಿ ತನ್ನ ಕ್ಯೂ ತುದಿಗೆ ಚಾಕ್ ಉಜ್ಜುತ್ತ, ಇವಳು ತಪ್ಪಲಿ ಎಂದು ಕಾಯುತ್ತ ನಿಲ್ಲುವ ಜಾಗ ಅದು. ಈಗ ಅಲ್ಲಿ ಗೋಡೆಯಿತ್ತು, ಗೋಡೆಯ ಮೇಲೆ ಹಳೆಯ ಕ್ಯಾಲೆಂಡರ್.

"ತಗೊ ಮಗ," ಎಂದು ಶಿವಮಲ್ಲಪ್ಪ ನೆಲದ ಮೇಲೆ ಕುಳಿತಂತೆಯೇ ತೇಗದ ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅವರ ಕಣ್ಣು ತುಂಬಿತ್ತು. "ಒಂದ್ಸಲ ಒಡಿ. ನಾನು ನೋಡ್ತೀನಿ."

"ಬೇಡ, ಮಾವ."

"ಸರಿ ಇಲ್ವಾ? ಸರಿ ಮಾಡುಸ್ತೀನಿ. ಬಿಚ್ಚಿ ಇನ್ನೊಂದ್ಸಲ..."

"ಚೆನ್ನಾಗಿದೆ." ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನನಗೆ ಬೇಡ."