ಖಾಲಿ ಕೋಣೆಯ ಪುಟ

ದೆವ್ವದ ಕಾಮಿಕ್ಸ್‌ಗೆ ಬಣ್ಣ ಬಳಿದರೆ ಭಯ ಸತ್ತುಹೋಗುತ್ತದೆ ಎಂಬುದು ಕೃಷ್ಣಮೂರ್ತಿಪುರಂನ ಲಹರಿಯ ಖಚಿತ ಅಭಿಪ್ರಾಯ. ಅದಕ್ಕೇ ಮಂಡಿ ಮೊಹಲ್ಲಾದ ಹಳೇ ಪುಸ್ತಕದಂಗಡಿಯಿಂದ ಕಪ್ಪು-ಬಿಳುಪಿನದೊಂದನ್ನು ಹುಡುಕಿ ತಂದಿದ್ದಳು. ಭಾನುವಾರ ಮಧ್ಯಾಹ್ನ ಜಗಲಿಯ ಬಿಸಿಲಲ್ಲಿ ಕೂತು ಓದುವಾಗ, ಖಾಲಿ ಕೋಣೆಯ ಚಿತ್ರವಿದ್ದ ಹಾಳೆಯೊಂದು ಕೈಗೆ ತಣ್ಣಗೆ ತಾಗಿತು. ಉಳಿದ ಹಾಳೆಗಳೆಲ್ಲ ಬೆಚ್ಚಗಿದ್ದವು.

"ಅತ್ತೆ, ಇದನ್ನ ಮುಟ್ಟಿ ನೋಡಿ."

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಸೋದರತ್ತೆ ಅಂಬುಜಾ ಮುಟ್ಟಿ, ಕನ್ನಡಕ ಸರಿಮಾಡಿಕೊಂಡರು. "ಹೌದು ಕಣೆ, ತಣ್ಣಗಿದೆ. ಈ ಹೆಂಗಸು ಯಾಕೆ ಗೋಡೆ ಕಡೆ ತಿರುಗಿ ನಿಂತಿದ್ದಾಳೆ?"

"ಯಾವ ಹೆಂಗಸು?"

ಅತ್ತೆ ಬೆರಳಿಟ್ಟು ತೋರಿಸಿದರು. ಅಲ್ಲಿ ಲಹರಿಗೆ ಬರೀ ಗೋಡೆ ಕಂಡಿತು. ಒಳಗಿದ್ದ ಅಣ್ಣ ಸಮರ್ಥನನ್ನು ಕರೆದು, ಏನೂ ಹೇಳದೆ ಪುಟ ತೋರಿಸಿದಳು.

"ಚೆನ್ನಾಗಿ ಬಿಡಿಸಿದ್ದಾರೆ ಕಣೆ," ಎಂದ ಸಮರ್ಥ. "ಯಾವ ಕಡೆಯಿಂದ ನೋಡಿದ್ರೂ ಇವಳು ನಿನ್ನನ್ನೇ ನೋಡ್ತಾಳೆ."