ಹಸಿರು ರಟ್ಟು

ಡೂಲನ್ ತೊರೆಯ ಜೊಂಡಿನಲ್ಲಿ ಕೂರುವ, ಸೂಜಿಯಷ್ಟು ಸಪೂರವಾದ ಡ್ಯಾಮ್ಸೆಲ್‌ಫ್ಲೈ ಹುಳುಗಳ ಫೋಟೊ ತೆಗೆಯುವುದು ಇಪ್ಪತ್ತು ವರ್ಷ ನಮ್ಮಿಬ್ಬರ ಭಾನುವಾರದ ಕೆಲಸವಾಗಿತ್ತು. ಹಿಂದಿನ ಒಣಕಡ್ಡಿ, ಬಿಯರ್ ಡಬ್ಬಿ ಫೋಟೊದಲ್ಲಿ ಕಾಣದಂತೆ ನನ್ನ ಹೆಂಡತಿ ನೆರಿಡಾ ಹುಳುವಿನ ಹಿಂದೆ ಹಸಿರು ರಟ್ಟು ಹಿಡಿಯುತ್ತಿದ್ದಳು. "ಬೇಗ ಹೊಡಿಯೋ ಮುದುಕಾ, ತೋಳು ಬಿದ್ದೋಗತ್ತೆ," ಎಂದು ಬೈಯುತ್ತಿದ್ದಳು. ಆದರೂ ನಾನು "ಸಾಕು ಕಣೇ" ಅನ್ನುವವರೆಗೆ ಇಳಿಸುತ್ತಿರಲಿಲ್ಲ.

ಅವಳು ತೀರಿಕೊಂಡ ಮೇಲಿನ ಮೂರನೇ ಭಾನುವಾರ ಬೆಳಿಗ್ಗೆ ಒಬ್ಬನೇ ಹೋದೆ. ಅವಳ ನೆನಪಿಗೆ ನಮ್ಮ ಫೋಟೊ ಕ್ಲಬ್ಬಿನ ಗೋಡೆಗೆ ಒಂದು ಚೊಕ್ಕ ಫೋಟೊ ಬೇಕಿತ್ತು. ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಹುಳುವಿನ ಹಿಂದೆ ಬರೀ ಕಡ್ಡಿ, ಕಸ. ಅಭ್ಯಾಸಬಲದಿಂದ, "ಸ್ವಲ್ಪ ಎಡಕ್ಕೆ," ಅಂದೆ.

ಹಿನ್ನೆಲೆ ಹಸಿರಾಯಿತು. ಗಾಳಿಗೆ ಜೊಂಡೆಲ್ಲ ತೂಗುತ್ತಿತ್ತು, ಆ ಹಸಿರು ಮಾತ್ರ ಅಲುಗಲಿಲ್ಲ. ನೀರಿನಲ್ಲಿ ಯಾರೋ ಕಾಲು ಬದಲಿಸಿದ ಸದ್ದಾಯಿತು. ತಲೆಯೆತ್ತಿ ನೋಡುವ ಧೈರ್ಯ ಬರಲಿಲ್ಲ. ಗುಂಡಿ ಒತ್ತುತ್ತಲೇ ಹೋದೆ.

ಮಗಳು ಲಿನೆಟ್ ಫೋಟೊ ನೋಡಿ, "ಅಪ್ಪಾ, ಹಿಂದೆ ಯಾರು ಹಿಡ್ಕೊಂಡಿದ್ರು? ರಟ್ಟನ್ನ ಅಮ್ಮನ ಶವಪೆಟ್ಟಿಗೇಲಿ ನಾನೇ ಇಟ್ಟೆನಲ್ಲಾ?" ಅಂದಳು.

ಹದಿನಾರು ಫೋಟೊಗಳಿವೆ. ಕೊನೆಯ ನಾಲ್ಕರಲ್ಲಿ ರಟ್ಟಿನ ಮೇಲಂಚು ಒಂದರಿಂದ ಒಂದಕ್ಕೆ ಕೆಳಗಿಳಿದಿದೆ, ನಡುಗಿ ಮಸುಕಾಗಿದೆ. ಆ ಬೆಳಿಗ್ಗೆ ನಾನು "ಸಾಕು ಕಣೇ" ಅನ್ನದೆಯೇ ಎದ್ದು ಬಂದಿದ್ದೆ.