ಎರಡು ಪೆಟ್ಟು ತಿಂದ ತೋಟಾ

ಮಾರಿಕಣಿವೆಯ ಅಣೆಕಟ್ಟೆ ಇನ್ನೂ ಅರ್ಧ ಎದ್ದಿತ್ತು. ಅಷ್ಟರಲ್ಲೇ ಗುಡ್ಡದ ಚಿರತೆ ಮೂವರು ಕೂಲಿಯವರನ್ನು ಹೊತ್ತೊಯ್ದಿತ್ತು. ನಾಲ್ಕನೆಯವನು, ಅದನ್ನು ಹೊಡೆಯಲು ಹೋದ ಪಹರೆಯ ಕೆಂಚಣ್ಣ. ಹೆಣದ ಪಕ್ಕದಲ್ಲೇ ಬಂದೂಕು ಸಿಕ್ಕಿತು. ಒಂದು ಗುಂಡೂ ಹಾರಿರಲಿಲ್ಲ. ಪುಕ್ಕಲ, ಕೈಕಾಲು ಬಿಟ್ಟ ಎಂದರು ಜನ. ಅವನ ಹೆಂಡತಿ ಏಕನಾಥಮ್ಮ ನೀರಿಗೆ ಹೋದರೂ ಅದೇ ಮಾತು ಕಿವಿಗೆ ಬೀಳುತ್ತಿತ್ತು.

ವಾರ ಕಳೆದ ಮೇಲೆ ಕೆಂಚಣ್ಣನ ಜೊತೆಗಾರ ಗೋವಿಂದಪ್ಪ ಅದೇ ಬಂದೂಕು, ಅದೇ ಐದು ತೋಟಾ ಹಿಡಿದು ಹೊರಟು ನಿಂತ. ಹೆಜ್ಜೆ ಹಿಡಿಯಲು ಕುರಿಗಾರ ಜುಂಜಯ್ಯ ಜೊತೆಯಾದ.

"ಚಿರತೆ ಸತ್ರೆ ಒಳ್ಳೇದೇ," ಎಂದಳು ಏಕನಾಥಮ್ಮ. "ಆದ್ರೆ ನಮ್ಮೋನು ಹೆದರಿದ್ನಾ ಇಲ್ವಾ, ಅದನ್ನ ತಿಳ್ಕಂಡು ಬರ್ರಿ."

ಕಾರ್ತಿಕದ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಿಂದೆ ಕಣಿವೆಯಲ್ಲಿ ಸುಣ್ಣದ ಧೂಳು ಬೆಳ್ಳಗೆ ತೇಲುತ್ತಿತ್ತು. ಮುಂದೆ ಕಲ್ಲು, ಕಮರದ ಮರ, ಬಂದರೆಯ ಕುರುಚಲು ಗಿಡ, ಮತ್ತೆ ಕಲ್ಲು. ಗೋವಿಂದಪ್ಪನಿಗೆ ಬೆನ್ನ ಹಿಂದೆ ಮೂರನೆಯವರ ಕೆರದ ಸದ್ದು ಕೇಳುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಕೇಳೋಣವೆಂದರೆ ಜುಂಜಯ್ಯನೂ ಪದೇಪದೇ ಹಿಂದಕ್ಕೇ ನೋಡುತ್ತಿದ್ದ. ಇಬ್ಬರೂ ಹೆಜ್ಜೆ ಬಿರುಸು ಮಾಡಿದರು.

ಕೆಂಚಣ್ಣ ಬಿದ್ದಿದ್ದ ಬಂಡೆಯಾಚೆ ಒಂದು ಗವಿ. ಅದರ ಬಾಯಲ್ಲಿ ಚಿರತೆ ಎದ್ದು ನಿಂತಿತು.

ಹತ್ತೇ ಮಾರು. ಗೋವಿಂದಪ್ಪ ಗುರಿ ಹಿಡಿದು, ಬೆರಳು ಮಡಿಸಿ ಬಂದೂಕಿನ ಕುದುರೆ ಎಳೆದ.

ಟಕ್ ಎಂದಿತು. ಅಷ್ಟೇ.

ಚಿರತೆ ನೆಗೆಯಿತು. ಜುಂಜಯ್ಯ ಹೆಗಲ ಕಂಬಳಿ ಬೀಸಿ ಅದರ ಮೋರೆಗೆ ಎಸೆದ. ಅದು ಕಂಬಳಿ ಸಮೇತ ಉರುಳಿ, ಹರಿದುಕೊಂಡು ಗವಿಯೊಳಕ್ಕೆ ನುಗ್ಗಿತು. ಇಬ್ಬರೂ ಬಂದರೆಯ ಗಿಡ ಕಿತ್ತು ಗವಿಯ ಬಾಯಿಗೆ ಒಡ್ಡಿ ಬೆಂಕಿ ಹಚ್ಚಿದರು.

"ಸತ್ತ ಕೆಂಚಣ್ಣನೇ ಬಂದೂಕ ಹಿಡ್ಕಂಡವ್ನೆ," ಎಂದ ಜುಂಜಯ್ಯ. "ಹೋಗಾಣ ನಡಿಯಪ್ಪ."

ಗೋವಿಂದಪ್ಪನಿಗೂ ಮಣಿಕಟ್ಟಿನ ಮೇಲೆ ತಣ್ಣನೆಯ ಕೈ ಇದ್ದಂತಾಯಿತು. ಆದರೂ ಬಂದೂಕಿನ ಹಿಂಬದಿಯ ಬೋಲ್ಟು ಎಳೆದ. ಅದು ಗೊಣಗುತ್ತ ಹಿಂದೆ ಸರಿಯಿತು. ಹಾರದ ತೋಟಾ ಕಾಲ ಬಳಿ ಬಿತ್ತು. ಬೋಲ್ಟನ್ನು ಪೂರ್ತಿ ಕಿತ್ತು ನೋಡಿದ. ಒಳಗೆಲ್ಲ ಬೂದು ಬಣ್ಣದ ಅಂಟು.

ಬೆರಳಿಗೆ ಹತ್ತಿದ್ದನ್ನು ಮೂಸಿ ನೋಡಿದ. ಆಯುಧಪೂಜೆಯ ದಿನ ಗಾಡಿಯ ಅಚ್ಚಿಗೆ ಹಾಕುವಂತೆ ಬಟ್ಟಲುಗಟ್ಟಲೆ ಹರಳೆಣ್ಣೆ ಸುರಿದವನು ತಾನೇ. ಗೆಳೆಯನ ಬಂದೂಕಿಗೆ ಕಡಿಮೆಯಾಗಬಾರದೆಂಬ ಪ್ರೀತಿ ಬೇರೆ! ತಿಂಗಳ ಸುಣ್ಣದ ಧೂಳು ಎಣ್ಣೆಗೆ ಕಲೆತು, ಚಳಿಗೆ ಗಟ್ಟಿಯಾಗಿ, ತೋಟಾದ ತಳಕ್ಕೆ ಬಡಿಯುವ ಒಳಗಿನ ಮುಳ್ಳನ್ನೇ ಹಿಡಿದುಬಿಟ್ಟಿತ್ತು.

ಬೋಲ್ಟನ್ನು ಬೆಂಕಿಗೆ ಹಿಡಿದ. ಅಂಟು ಕರಗಿ ತೊಟ್ಟಿಕ್ಕಿತು. ಒದರಿದ, ಮತ್ತೆ ಕಾಸಿದ, ರುಮಾಲಿನ ಸೆರಗು ತುರುಕಿ ಒರೆಸಿದ. ಬೆರಳು ಸುಟ್ಟವು.

"ಬೆಂಕಿ ಆರ್ತೈತೆ, ಬೇಗ!"

ಬೋಲ್ಟು ಸೇರಿಸಿ, ಇನ್ನೊಂದು ತೋಟಾ ಏರುವಂತೆ ದೂಡಿದ. ಹೊಗೆ ಸೀಳಿಕೊಂಡು ಚಿರತೆ ಹಾರಿತು. ಈ ಸಲ ಬಂದೂಕು ಗುಡುಗಿತು.

ಚಿರತೆ ಅವನ ಪಾದದ ಮೇಲೇ ಬಂದು ಬಿತ್ತು. ಗೋವಿಂದಪ್ಪ ಕಾಲು ಬಿಡಿಸಿಕೊಂಡು, ಕಲ್ಲುಗಳ ನಡುವೆ ಬಿದ್ದಿದ್ದ, ಹಾರದ ಮೊದಲ ತೋಟಾ ಹುಡುಕಿ ತೆಗೆದ.

"ಏನಪ್ಪ, ಚಿರತೆ ಬಿಟ್ಟು ತೋಟಾ ನೋಡ್ತೀಯ?"

"ತಳದಾಗೆ ಎರಡು ಗುರುತು ಅವೆ ನೋಡು. ನಾನು ಹೊಡೆದಿದ್ದು ಒಂದೇ ಸಲ."

ಒಂದು ಗುರುತು ಹೊಳೆಯುತ್ತಿತ್ತು. ಇನ್ನೊಂದು ಆಗಲೇ ಮಾಸಿತ್ತು. ಜುಂಜಯ್ಯ ಆ ಮಾಸಿದ ಗುರುತನ್ನು ಹೆಬ್ಬೆರಳಲ್ಲಿ ಸವರಿದ.

ಮಧ್ಯಾಹ್ನದ ಹೊತ್ತಿಗೆ ಚಿರತೆಯನ್ನು ಗಳಕ್ಕೆ ಕಟ್ಟಿ ಹೊತ್ತು ತಂದರು. ಕೂಲಿಯವರೆಲ್ಲ ಕೂಗಿ ಕುಣಿದರು. ಗೋವಿಂದಪ್ಪ ಏಕನಾಥಮ್ಮನ ಕೈಗೆ ತೋಟಾ ಇಟ್ಟ.

"ಕುದುರೆ ಎಳೆದಿದ್ದ ಕಣಮ್ಮ. ಹೆದರಿರಲಿಲ್ಲ. ಬಂದೂಕೇ ಹಾರ್ಲಿಲ್ಲ. ಅದಕ್ಕೆ ಎಣ್ಣೆ ಸುರಿದೋನು ನಾನು."

ಅವಳು ತೋಟಾ ನೋಡಿದಳು. ಅವನನ್ನು ನೋಡಿದಳು. ಬಯ್ಯಲಿಲ್ಲ.

"ನನಗೆ ಹೇಳಿದ್ದು ಸಾಲ್ದು," ಎಂದಳು. "ಅವ್ರಿಗೆಲ್ಲ ಹೇಳು."

ಗೋವಿಂದಪ್ಪ ಕಲ್ಲಿನ ರಾಶಿ ಹತ್ತಿದ. ಮೊದಲ ಸಲ ದನಿ ಹೊರಡಲಿಲ್ಲ. ಎರಡನೆಯ ಸಲ, ಹಿಂದಿನ ಸಾಲಿನವರಿಗೂ ಕೇಳುವಂತೆ ಹೇಳಿದ.